ದೊಡ್ಡಬಸಪ್ಪನ ಬಿಯರ್ ಪ್ರೋಕ್ಷಣೆ

ಜರ್ಮನಿ ಭೂಪಟದಲ್ಲಿ ಎಲ್ಲಿದೆ ಎಂದು ಕೇಳಿದರೆ ಆಲೂಗಡ್ಡೆ ದೊಡ್ಡಬಸಪ್ಪನಿಗೆ ತೋರಿಸಲು ಬಾರದು. ಆದರೆ ಆ ದೇಶದವರಿಗೆ ಮಾಡಲು ಬೇರೆ ಕೆಲಸವಿಲ್ಲ ಎನ್ನುವುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿಲ್ಲ. ಯಾರೋ ರಾಜಕುಮಾರನ ಮದುವೆಯಂತೆ, ಕುದುರೆ ಓಟವಂತೆ, ಊರಿಗೆ ಊರೇ ಸೇರಿ ಕುಣಿಯಿತಂತೆ. ಸರಿಯಪ್ಪ, ಮದುವೆ ಆಯಿತು, ಊಟ ಆಯಿತು, ಎಲೆ ಎತ್ತಿ ಮನೆಗೆ ಹೋಗಬೇಕೋ ಬೇಡವೋ? ಇನ್ನೂರು ವರ್ಷ ಕಳೆದರೂ ಅದೇ ಚಪ್ಪರದಲ್ಲಿ ಕೂತು ಕುಡಿಯುತ್ತಿದ್ದಾರಲ್ಲ, ಇವರಿಗೆ ಏನೆನ್ನಬೇಕು? ಅದೂ ಹೆಸರಿಗೆ ಅಕ್ಟೋಬರ್ ಹಬ್ಬ, ಶುರುವಾಗುವುದು ಸೆಪ್ಟೆಂಬರಿನಲ್ಲಿ. ತಿಂಗಳ ಲೆಕ್ಕವೇ ತಪ್ಪುವಷ್ಟು ಕುಡಿಯುವವರನ್ನು ನೋಡಿ ಕಲಿಯಲು ಬ್ರೆಜಿಲಿನವರು, ಕೆನಡಾದವರು, ಚೀನಾದವರು ಕ್ಯೂ ನಿಂತಿದ್ದಾರೆ. ಈಗ ಚೆನ್ನೈನವರೂ ನಿಂತಿದ್ದಾರೆ. ಆ ಕ್ಯೂನ ಮುಂದುಗಡೆ, ಹಣೆ ತುಂಬ ವಿಭೂತಿ ಬಳಿದುಕೊಂಡು, ಲೀಟರ್ ಹಿಡಿಯುವ ಗಾಜಿನ ಮಗ್ಗೊಂದನ್ನು ಎತ್ತಿಕೊಂಡು ತಾನೇ ನಿಂತಿದ್ದನಲ್ಲ, ಅದೊಂದನ್ನು ಮಾತ್ರ ದೊಡ್ಡಬಸಪ್ಪ ಹೇಳುವುದಿಲ್ಲ. ಅದನ್ನು ಹೇಳಲು ನಾವಿದ್ದೇವೆ.

ದೊಡ್ಡಬಸಪ್ಪ ಹಾಸನ ಸೀಮೆಯವನು. ಮೀಸೆ ಚಿಗುರುವ ವಯಸ್ಸಿನಲ್ಲಿ ಆಲೂಗಡ್ಡೆ ಲಾರಿಯಲ್ಲಿ, ಮೂಟೆಗಳ ಮೇಲೆ ಅಂಗಾತ ಮಲಗಿಕೊಂಡು ಮದರಾಸಿಗೆ ಬಂದವನು. ಆಗ ಮಾರುಕಟ್ಟೆ ಇದ್ದದ್ದು ಕೊತ್ವಾಲ್ ಚಾವಡಿಯ ಸಂದಿಯಲ್ಲಿ. ಅದನ್ನು ಕೋಯಂಬೇಡಿಗೆ ಎತ್ತಿ ಹಾಕಿದಾಗ ಇವನೂ ಜೊತೆಗೆ ಬಂದ, ಸ್ವಂತ ಮಂಡಿ ಹಾಕಿದ, ಸುವರ್ಣಮ್ಮನನ್ನು ಮದುವೆಯಾಗಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲೇ ಮನೆ ಮಾಡಿದ. ಮಗಳು ವೀಕ್ಷಾ ಹುಟ್ಟಿದ್ದೂ ಅಲ್ಲೇ. ಅಪ್ಪ ಕನ್ನಡದಲ್ಲಿ ಬೈದರೆ ಅವಳು ತಮಿಳಿನಲ್ಲಿ ನಗುತ್ತಾಳೆ.

ಇಷ್ಟು ವರ್ಷದಲ್ಲಿ ಮಂಡಿಯಿಂದ ದೊಡ್ಡಬಸಪ್ಪನಿಗೆ ದಕ್ಕಿದ್ದು ಒಂದು ಭಾರಿ ಹೊಟ್ಟೆ. ಅದರ ಮೇಲೆ, ಎರಡೂ ಕೆನ್ನೆ ದಾಟಿ ಹೊರಗೆ ಚಾಚಿದ ಬಿಳಿ ಮೀಸೆ. ಹೋದದ್ದು ಮೂಗು. ಗೋಣಿಚೀಲದ ಧೂಳು, ಗಡ್ಡೆಯ ಮಣ್ಣು ದಿನವೂ ಕುಡಿದೂ ಕುಡಿದೂ ಅವನ ಮೂಗಿಗೆ ಈಗ ಯಾವ ವಾಸನೆಯೂ ತಾಕುವುದಿಲ್ಲ. ಕೊಳೆತ ಗಡ್ಡೆಯನ್ನು ಕೂಡ ಮೀಸೆಗೆ ಒತ್ತಿಕೊಂಡು ನೋಡಿದರೇ ಅವನಿಗೆ ಗೊತ್ತಾಗುವುದು. ಈ ಮೂಗಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಅದೇ ಅವನ ಮಾನ ಕಳೆಯಿತು.

ಇನ್ನು ಅವನ ನಾಲಿಗೆ. ಲಿಂಗ ಕಟ್ಟಿಕೊಂಡ ಮನೆಯಲ್ಲಿ ಹುಟ್ಟಿದವನು, ಜನ್ಮದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಒಳ್ಳೆಯದೇ. ಆದರೆ ಮುಟ್ಟಿದವರನ್ನು ಬಿಟ್ಟವನೂ ಅಲ್ಲ. ಮೂಟೆ ಇಳಿಸುವ ಆಳುಗಳು ಕೂಲಿ ಈಸಿಕೊಂಡು ಸರ್ಕಾರಿ ಹೆಂಡದಂಗಡಿಯ ದಾರಿ ಹಿಡಿದರೆ ಸಾಕು, ಇವನ ಪ್ರವಚನ ಶುರು. "ಹೋಗಿ, ಹೋಗಿ. ಹೆಂಡ್ತಿ ಬಳೆ ಅಡ ಇಡೋಕೆ ಮುಂಚೆ ಹೇಳಿ ಕಳ್ಸಿ, ನಾನೂ ನೋಡೋಕೆ ಬರ್ತೀನಿ." ಬಸವ ಜಯಂತಿಗೆ ಚೆನ್ನೈನ ಶರಣ ಬಳಗದವರು ಸೇರಿದಾಗ ದುಶ್ಚಟದ ಬಗ್ಗೆ ಮಾತಾಡುವವನು ಇವನೇ. ವರ್ಷವೂ ಇವನೇ. ಹುಡುಗರು ಅದಕ್ಕೆಂದೇ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು, ಬೇಗ ಜಾರಿಕೊಳ್ಳಲು.

ಆ ಭಾಷಣದಲ್ಲಿ ಒಂದು ಮಾತು ತಪ್ಪದೆ ಬರುತ್ತಿತ್ತು. ಅದು ಹುಟ್ಟಿದ್ದು ತನ್ನ ಸ್ವಂತ ತಮ್ಮನ ಮೇಲೆ. ತಮ್ಮ ನಾಗರಾಜ ಮಂಡಿಯಲ್ಲಿ ಅಣ್ಣನ ಬಲಗೈಯಾಗಿದ್ದ. ಹತ್ತು ಹನ್ನೆರಡು ವರ್ಷದ ಹಿಂದೆ ಒಬ್ಬ ಲಾರಿ ಮಾಲೀಕ ಹೊಸ ಲಾರಿ ತಂದ ಖುಷಿಗೆ ಹೋಟೆಲಿನಲ್ಲಿ ಊಟ ಹಾಕಿಸಿದ. ದೊಡ್ಡಬಸಪ್ಪ ತಡವಾಗಿ ಹೋದ. ಹೋಗಿ ನೋಡಿದರೆ, ಬಾಗಿಲಲ್ಲೇ ನಾಗರಾಜ, ಅವನ ಕೈಯಲ್ಲಿ ತುಂಬಿದ ಬಿಯರ್ ಗ್ಲಾಸು.

"ಅಣ್ಣ, ಲಾರಿಯವರಿಗೆ ಫೋನ್ ಬಂತು, ಸ್ವಲ್ಪ ಹಿಡ್ಕೋ ಅಂತ ಕೊಟ್ಟು ಹೋದ್ರು. ಹಿಡ್ಕೊಂಡಿದ್ದೆ ಅಷ್ಟೆ. ಕುಡೀಲಿಲ್ಲ" ಎಂದ ನಾಗರಾಜ.

"ಕೈಲಿ ಹಿಡಿದೋನು ಬಾಯಿಗೆ ಹಾಕ್ದೆ ಇರ್ತಾನೇನ್ಲಾ?" ಎಂದ ದೊಡ್ಡಬಸಪ್ಪ.

ಅಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಆ ನಗು ದೊಡ್ಡಬಸಪ್ಪನ ತಲೆಗೇರಿತು. ಮಾರನೇ ದಿನವೇ ತಮ್ಮನನ್ನು ಮಂಡಿಯಿಂದ ಹೊರಗೆ ಹಾಕಿದ. ಅವನ ಮದುವೆಗೂ ಹೋಗಲಿಲ್ಲ. ಆ ಒಂದು ಮಾತನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡ. ಯಾವ ಆಳು ಏನೇ ನೆಪ ಹೇಳಲಿ, "ಕೈಲಿ ಹಿಡಿದೋನು ಬಾಯಿಗೆ ಹಾಕ್ದೆ ಇರ್ತಾನೇನ್ಲಾ?" ಕನ್ನಡ ಬಾರದ ಆಳುಗಳೂ ಅದನ್ನು ಬಾಯಿಪಾಠ ಮಾಡಿಕೊಂಡು, ಇವನು ಆ ಕಡೆ ತಿರುಗಿದಾಗ ಇವನದೇ ಧಾಟಿಯಲ್ಲಿ ಆಡಿಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಸೆಪ್ಟೆಂಬರಿನಲ್ಲಿ, ಹಾಸನದ ಹೊಸ ಗಡ್ಡೆ ಬರುವ ಹೊತ್ತಿಗೆ, ಅನು ಎಂಬ ಹುಡುಗಿ ಮಂಡಿಗೆ ಬಂದಳು. ಮೈಸೂರಿನವಳು, ವೇಲಚೇರಿಯ ಒಂದು ದೊಡ್ಡ ಹೋಟೆಲಿನಲ್ಲಿ ಸಮಾರಂಭಗಳನ್ನು ನೋಡಿಕೊಳ್ಳುವ ಕೆಲಸ. ಆಲೂಗಡ್ಡೆ ಬೇಕೆಂದು ಬಂದವಳು ಆಲೂಗಡ್ಡೆ ಬಿಟ್ಟು ದೊಡ್ಡಬಸಪ್ಪನನ್ನೇ ನೋಡತೊಡಗಿದಳು. ಹೊಟ್ಟೆ ನೋಡಿದಳು, ಮೀಸೆ ನೋಡಿದಳು.

"ಅಂಕಲ್, ನಮ್ಮ ಹೋಟೆಲ್‌ನಲ್ಲಿ ಅಕ್ಟೋಬರ್‌ಫೆಸ್ಟ್ ಮಾಡ್ತಿದ್ದೀವಿ. ನೀವೇ ಓಪನ್ ಮಾಡ್ಬೇಕು."

"ಅಂಗಂದ್ರೆ ಏನಮ್ಮ?"

"ಜರ್ಮನಿ ಹಬ್ಬ ಅಂಕಲ್. ಸುಗ್ಗಿ ಥರಾನೇ ಅಂದ್ಕೊಳಿ. ಆಲೂಗಡ್ಡೆ ಪಲ್ಯ ಏನು, ಡ್ಯಾನ್ಸ್ ಏನು! ಅಲ್ಲಿ ಊರಿನ ಮೇಯರ್ ಬಂದು ಮೊದಲ್ನೇ ಪೀಪಾಯಿ ಓಪನ್ ಮಾಡ್ತಾರೆ. ನಮಗೆ ಮೇಯರ್ ಎಲ್ಲಿ ಸಿಗ್ತಾರೆ? ನೀವು ಥೇಟ್ ಹಾಗೇ ಇದ್ದೀರ. ನೀವೇ ನಮ್ಮ ಚೀಫ್ ಗೆಸ್ಟ್."

ಬಿಯರ್ ಎಂಬ ಮೂರಕ್ಷರ ಅವಳ ಬಾಯಲ್ಲಿ ಬರಲೇ ಇಲ್ಲ. ಮುಚ್ಚಿಟ್ಟಳು ಎನ್ನೋಣವೇ? ಪಾಪ, ಹಾಗೇನೂ ಇಲ್ಲ. ಅಕ್ಟೋಬರ್‌ಫೆಸ್ಟ್ ಎಂದರೆ ಬಿಯರ್ ಎಂದು ಗೊತ್ತಿಲ್ಲದ ಪ್ರಾಣಿ ಭೂಮಿಯ ಮೇಲೆ ಇದೆಯೆಂದು ಆ ಹುಡುಗಿಗೆ ಹೊಳೆದೇ ಇರಲಿಲ್ಲ. ದೊಡ್ಡಬಸಪ್ಪನಿಗೋ, ಚೀಫ್ ಗೆಸ್ಟ್ ಎಂದ ಮೇಲೆ ಮುಂದಿನದು ಕಿವಿಗೇ ಬೀಳಲಿಲ್ಲ. ಜೀವಮಾನವೆಲ್ಲ ಬೇರೆಯವರಿಗೆ ಶಾಲು ಹೊದಿಸಿದ್ದೇ ಆಯಿತು. ಈಗ ಆಲೂಗಡ್ಡೆಯ ದೆಸೆಯಿಂದ ತನಗೊಂದು ಶಾಲು ಬರುತ್ತಿದೆ, ಅದೂ ಜರ್ಮನಿಯ ಲೆಕ್ಕದಲ್ಲಿ. ಪೀಪಾಯಿಯಲ್ಲಿ ಏನಿರುತ್ತದೆ ಎಂದು ಕೇಳುವ ಬುದ್ಧಿ ಅವನಿಗೆ ಬರಲಿಲ್ಲ. ಹಣ್ಣಿನ ರಸವೋ ಎಣ್ಣೆಯೋ ಇರಬೇಕು ಎಂದುಕೊಂಡ.

ಸುವರ್ಣಮ್ಮ ಕೇಳಿದಳು. "ಅಲ್ರೀ, ಜರ್ಮನಿಯೋರ ಹಬ್ಬಕ್ಕೂ ನಿಮಗೂ ಏನ್ರೀ ಸಂಬಂಧ?"

"ನಮ್ಮ ಗಡ್ಡೆ ತಿಂತಾರಂತೆ ಕಣೆ" ಎಂದ ದೊಡ್ಡಬಸಪ್ಪ, ಕನ್ನಡಿ ಮುಂದೆ ಮೀಸೆಗೆ ಎಣ್ಣೆ ಹಚ್ಚುತ್ತ.

ಮಂಡಿಗೆ ಹೊಸ ಗಡ್ಡೆಯ ಮೊದಲ ಲಾರಿ ಬಂದಾಗ ದೊಡ್ಡಬಸಪ್ಪ ಮಾಡುವ ಒಂದು ಶಾಸ್ತ್ರವಿದೆ. ಲಾರಿಯ ಹಿಂಬಾಗಿಲಿಗೆ ವಿಭೂತಿ ಬಳಿದು, ಚೆಂಡು ಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದು, ಮಾವಿನ ಎಲೆ ಅದ್ದಿ ನೀರು ಪ್ರೋಕ್ಷಣೆ ಮಾಡಿದ ಮೇಲೇ ಮೂಟೆ ಇಳಿಯಬೇಕು. ಸುಗ್ಗಿ ಎಂದ ಮೇಲೆ ಜರ್ಮನಿಯ ಪೀಪಾಯಿಗೂ ಅದೇ ಶಾಸ್ತ್ರ ಎಂದು ಅವನು ತೀರ್ಮಾನಿಸಿಕೊಂಡ. ಹಾರ, ಕಾಯಿ, ವಿಭೂತಿ, ಮಾವಿನ ಎಲೆ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು, ಗರಿಗರಿ ಪಂಚೆ ಉಟ್ಟು ವೇಲಚೇರಿಗೆ ಹೊರಟ.

ಅಲ್ಲಿಯ ವೈಭವ ಕೇಳಬೇಡಿ. ಹೊರಗೆ ಮೈ ಬೇಯಿಸುವ ಸೆಕೆ. ಒಳಗೆ, ಎ.ಸಿ. ಹಾಲಿನಲ್ಲಿ, ಮಧುರೈ ಕಡೆಯ ಹುಡುಗರಿಗೆ ಚರ್ಮದ ಚಡ್ಡಿ, ಭುಜದ ಮೇಲೆ ಪಟ್ಟಿ, ತಲೆಗೆ ಗರಿ ಚುಚ್ಚಿದ ಟೋಪಿ. ಹೆಣ್ಣುಮಕ್ಕಳಿಗೆ ಲಂಗದ ಮೇಲೊಂದು ಅಡುಗೆಮನೆಯ ಏಪ್ರನ್. ಮನೆಯಲ್ಲಿ ಒಲೆ ಮುಂದೆ ಏಪ್ರನ್ ಕಟ್ಟಿಕೋ ಎಂದರೆ ಜಗಳಕ್ಕೆ ಬರುವವರು ಇಲ್ಲಿ ದುಡ್ಡು ಕೊಟ್ಟು ಕಟ್ಟಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಐ.ಟಿ. ಕಂಪನಿಯವರ ಗುಂಪುಗಳು ಉದ್ದ ಬೆಂಚುಗಳ ಮೇಲೆ ಒತ್ತಿಕೊಂಡು ಕೂತು, ಅರ್ಥವಾಗದ ಹಾಡಿಗೆ ಮೇಜು ಗುದ್ದುತ್ತಿದ್ದವು. ಕಂಪನಿ ಕೆಲಸಕ್ಕೆಂದು ಎರಡು ವಾರ ಜರ್ಮನಿಗೆ ಆನ್‌ಸೈಟ್ ಹೋಗಿ ಬಂದ ಒಬ್ಬ, ಈ ಹಬ್ಬದ ತವರಾದ ಮ್ಯೂನಿಕ್‌ನಲ್ಲಿ ಇದು ಹೀಗಲ್ಲ, ಹಾಗೆ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ, ಯಾರೂ ಅವನಿಗೆ ಸೊಪ್ಪು ಹಾಕಲಿಲ್ಲ. ದೊಡ್ಡಬಸಪ್ಪ ಇದನ್ನೆಲ್ಲ ನೋಡಿ, "ಇವರಿಗೆ ಹೊಟ್ಟೆಗೆ ಹಿಟ್ಟಿದೆ, ತಲೇಲಿ ಬುದ್ಧಿಯಿಲ್ಲ" ಎಂದು ಮನಸ್ಸಿನಲ್ಲೇ ಅಂದುಕೊಂಡ. ಅಷ್ಟರಲ್ಲಿ ಶಾಲು ಬಂತು. ಅಂದುಕೊಂಡದ್ದು ಮರೆತುಹೋಯಿತು.

ವೇದಿಕೆಯ ಮೇಲೆ ಮರದ ಪೀಪಾಯಿ. ಪಕ್ಕದಲ್ಲಿ ಅಲಂಕಾರಕ್ಕೆ ಅವನದೇ ಗಡ್ಡೆಯ ರಾಶಿ. ದೊಡ್ಡಬಸಪ್ಪ ಚೀಲ ಬಿಚ್ಚಿದ. ಪೀಪಾಯಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದ, ಹಾರ ಹಾಕಿದ, ಕಾಯಿ ಒಡೆದು ಎರಡೂ ಹೋಳು ಮುಂದೆ ಇಟ್ಟ. ಜನರಿಗೆ ಹುಚ್ಚೇ ಹಿಡಿಯಿತು. ಫೋನುಗಳೆಲ್ಲ ಮೇಲೆದ್ದವು. ಅನು ಸಂಭ್ರಮದಿಂದ ಎರಡೂ ಕೈ ಬಾಯಿಗೆ ಒತ್ತಿಕೊಂಡು ನಿಂತಳು. ಮರದ ಸುತ್ತಿಗೆ ಕೊಟ್ಟು, ಪೀಪಾಯಿಗೆ ಆನಿಸಿದ ನಲ್ಲಿ ತೋರಿಸಿದರು. ಇವನು ಮೊಳೆ ಹೊಡೆಯುವವನಂತೆ ಒಂದೇ ಏಟು ಹಾಕಿದ. ನಲ್ಲಿಯಿಂದ ನೊರೆ ನುಗ್ಗಿತು, ಮಗ್ ತುಂಬಿತು, ಅದನ್ನು ಇವನ ಕೈಗೆ ತುರುಕಿದರು. ನೊರೆ ಕಂಡು ಕಬ್ಬಿನ ಹಾಲಿನ ಹಾಗಿದೆಯಲ್ಲ ಎಂದುಕೊಂಡ.

ಮೈಕು ಹಿಡಿದ ಹುಡುಗ ಕೂಗಿದ. "ಪ್ರೋಸ್ಟ್ ಪಣ್ಣುಂಗ ಸಾರ್! ಪ್ರೋಸ್ಟ್!"

ಪ್ರೋಸ್ಟ್ ಎಂದರೆ ಜರ್ಮನಿಯವರು ಗ್ಲಾಸಿಗೆ ಗ್ಲಾಸು ತಾಕಿಸಿ ಹೇಳುವ ಮಾತು. ಅದು ದೊಡ್ಡಬಸಪ್ಪನಿಗೆ ಹೇಗೆ ಗೊತ್ತಿರಬೇಕು? ಪಣ್ಣುಂಗ ಎಂದರೆ ಮಾಡಿ ಎಂದು ಗೊತ್ತು. ಕಾಯಿ ಒಡೆದಾಯಿತು, ಇನ್ನು ಏನು ಮಾಡಬೇಕು? ಪ್ರೋಕ್ಷಣೆ ಮಾಡಬೇಕು! ಪರವಾಗಿಲ್ಲ, ಜರ್ಮನಿಯವರಲ್ಲೂ ಪದ್ಧತಿ ಇದೆ ಎಂದು ಅವನಿಗೆ ಒಂದು ಕ್ಷಣ ಆ ದೇಶದ ಮೇಲೆ ಗೌರವವೇ ಹುಟ್ಟಿತು. ಮಾವಿನ ಎಲೆಗಳನ್ನು ಮಗ್ಗಿನೊಳಗೆ ಅದ್ದಿದ. ಪೀಪಾಯಿಗೆ ಚಿಮುಕಿಸಿದ, ಗಡ್ಡೆ ರಾಶಿಗೆ ಚಿಮುಕಿಸಿದ, ಮೈಕಿನವನ ತಲೆಗೆ, ಅನುವಿನ ತಲೆಗೆ ಚಿಮುಕಿಸಿದ. ಆಮೇಲೆ ವೇದಿಕೆಯ ಅಂಚಿಗೆ ಬಂದು, ಗಂಭೀರವಾಗಿ, ಎಡದಿಂದ ಬಲಕ್ಕೆ ಇಡೀ ಐ.ಟಿ. ಕಂಪನಿಗಳ ಮೇಲೆ ಚಿಮುಕಿಸಿದ. ಅವರು ತಲೆ ಬಗ್ಗಿಸಿ ಬಗ್ಗಿಸಿ ಹಾಕಿಸಿಕೊಂಡರು. ಹಿಂದಿನಿಂದ ಯಾರೋ ಭಕ್ತಿಯಿಂದ ಕಿರುಚಿದರು. "ಸಾಮಿ, ಬಿಯರ್ ತೀರ್ಥಂ! ಇಂದ ಪಕ್ಕಂ, ಸಾಮಿ, ಈ ಕಡೆಗೂ!"

ಬಿಯರ್ ಎಂಬ ಮಾತು ದೊಡ್ಡಬಸಪ್ಪನ ಕಿವಿಗೆ ಬಿದ್ದದ್ದು ಆಗ.

ನಿಜವೋ ಸುಳ್ಳೋ ನೋಡಬೇಕಲ್ಲ? ಮೂಗು ಕೆಲಸ ಮಾಡುವುದಿಲ್ಲವಲ್ಲ? ಕೊಳೆತ ಗಡ್ಡೆ ನೋಡುವ ಅಭ್ಯಾಸದಲ್ಲೇ ಮಗ್ಗನ್ನು ಮೇಲೆತ್ತಿ ಮೀಸೆಗೆ ಒತ್ತಿಕೊಂಡು ಉಸಿರು ಎಳೆದ. ಹುಳಿ, ಕಹಿ. ಬಿಯರೇ! ಮಗ್ ಕೆಳಗಿಳಿಸಿದಾಗ ಎರಡೂ ಕಡೆಯ ಮೀಸೆಯ ತುಂಬ ಬಿಳಿ ನೊರೆ ಮೆತ್ತಿಕೊಂಡಿತ್ತು. ಸೇರಿದ್ದವರೆಲ್ಲ ಹೋ ಎಂದರು. ಎಲ್ಲರ ಫೋನಿನಲ್ಲೂ ಉಳಿದದ್ದು ಅದೇ ಕ್ಷಣ. ಮಗ್ ಎಲ್ಲಾದರೂ ಇಡೋಣವೆಂದರೆ ಮೇಜು ದೂರ. ಕೆಳಗೆ ಇಡಲು ಹೊಟ್ಟೆ ಬಗ್ಗದು. ಅದರ ಮೇಲೆ ಸೆಲ್ಫಿಯವರು ಬೇರೆ ಮುತ್ತಿಕೊಂಡರು. ಒಬ್ಬ ತಬ್ಬಿಕೊಂಡ, ಒಬ್ಬಳು ಕೆನ್ನೆಗೆ ಕೆನ್ನೆ ತಂದಳು, ಬಿಯರ್ ತುಳುಕಿ ಶಾಲು, ಅಂಗಿ, ಪಂಚೆ ಎಲ್ಲ ತೋಯ್ದವು. ದೊಡ್ಡಬಸಪ್ಪ ಬಾಯಿ ಬಿಗಿದುಕೊಂಡು, ಕೈಯಲ್ಲಿ ಮಗ್ ಹಿಡಿದುಕೊಂಡು ನಿಂತೇ ಇದ್ದ.

ಮನೆಗೆ ಬಂದಾಗ ಸುವರ್ಣಮ್ಮ ಬಾಗಿಲು ತೆರೆದು ಎರಡು ಹೆಜ್ಜೆ ಹಿಂದೆ ಸರಿದಳು.

"ಕುಡ್ದಿಲ್ಲ ಕಣೆ" ಎಂದ ದೊಡ್ಡಬಸಪ್ಪ.

"ಅಂಗಿ ಕುಡ್ದಿದೆ, ನೀವು ಕುಡ್ದಿಲ್ಲ. ಸರಿ, ಬಿಚ್ಚಿ ಕೊಡಿ, ಬೇರೆ ಬಕೆಟ್ಟಿಗೆ ಹಾಕ್ತೀನಿ."

ನಂಬಿದಳೋ ಇಲ್ಲವೋ, ಮುಖ ನೋಡಿ ಹೇಳುವ ಹಾಗಿರಲಿಲ್ಲ.

ಬೆಳಿಗ್ಗೆ ಎದ್ದರೆ ವೀಕ್ಷಾ ಫೋನು ಹಿಡಿದು ನಗುತ್ತಿದ್ದಳು. "ಅಪ್ಪಾ, ನೀಂಗ ವೈರಲ್ ಆಯಿಟ್ಟೀಂಗ!" ವಿಭೂತಿ, ಕಾಯಿ, ಪ್ರೋಕ್ಷಣೆ, ಕೊನೆಗೆ ನೊರೆ ಮೀಸೆ. ಯಾವನೋ ಪುಣ್ಯಾತ್ಮ ಹಿಂದೆ ನಾದಸ್ವರ ಬೇರೆ ಸೇರಿಸಿದ್ದ. ಈ ಹಬ್ಬ ಎಲ್ಲೆಲ್ಲಿ ನಡೆಯುತ್ತದೆ ಎಂದು ವೀಕ್ಷಾ ಓದಿ ಹೇಳಿದಳು. ಬ್ರೆಜಿಲ್ ಎಂದಳು. "ಅವರಿಗೇನು ಬಂತು ರೋಗ?" ಎಂದ. ಕೆನಡಾ ಎಂದಳು. "ಅಲ್ಲಿ ಚಳಿ, ಹಾಳಾಗಿ ಹೋಗಲಿ." ಚೀನಾ ಎಂದಳು. "ಅವರು ಬಿಡು, ಏನನ್ನೂ ಬಿಡೋರಲ್ಲ." ಲೋಕದಲ್ಲಿ ಇಷ್ಟು ಜನ ಕುಡಿದು ಕುಣಿದಿದ್ದಾರಲ್ಲ, ಅವರ ಯಾರ ಮೀಸೆಯೂ ವೈರಲ್ ಆಗಲಿಲ್ಲ. ಜನ್ಮದಲ್ಲಿ ಕುಡಿಯದವನದ್ದೇ ಆಗಬೇಕಿತ್ತೇ? ಅವನಿಗೆ ಅಳು ಬರುವಷ್ಟು ಸಿಟ್ಟು ಬಂತು.

ಮಂಡಿಯಲ್ಲಂತೂ ಮುಖಕ್ಕೆ ಮಂಗಳಾರತಿಯೇ. ಆಳುಗಳು ಮೂಟೆ ಎತ್ತುವಾಗ "ಏಲೇಲೋ" ಬಿಟ್ಟು "ಪ್ರೋಸ್ಟ್, ಪ್ರೋಸ್ಟ್" ಎನ್ನತೊಡಗಿದರು. ನಿನ್ನೆಯವರೆಗೆ ಮುದಲಾಳಿ, ಅಂದರೆ ಧಣಿ, ಎಂದು ಕರೆಯುತ್ತಿದ್ದವರು ಈಗ ಬಿಯರ್ ಮುದಲಾಳಿ ಎಂದರು. ಈರುಳ್ಳಿ ಮಂಡಿಯವನು ಬೇಕೆಂದೇ ದಾರಿ ಬಳಸಿ ಬಂದು, "ಬಸಪ್ಪನವರೇ, ನಮ್ಮ ಲೋಡಿಗೂ ಸ್ವಲ್ಪ ಚಿಮುಕಿಸಿ" ಎಂದು ಕೈಮುಗಿದ.

"ಲೇ, ನಾನು ಕುಡ್ದಿಲ್ಲ ಕಣ್ರೋ! ಕೈಲಿ ಹಿಡ್ಕೊಂಡಿದ್ದೆ ಅಷ್ಟೆ!"

ಮೂಟೆಯ ಹಿಂದಿನಿಂದ, ತಮಿಳು ನಾಲಿಗೆಯಲ್ಲಿ, ಅವನದೇ ಧಾಟಿಯಲ್ಲಿ ಉತ್ತರ ಬಂತು. "ಕೈಲಿ ಹಿಡಿದೋನು ಬಾಯಿಗೆ ಹಾಕ್ದೆ ಇರ್ತಾನೇನ್ಲಾ?"

ಮಂಡಿಗೆ ಮಂಡಿಯೇ ಬಿದ್ದು ಬಿದ್ದು ನಕ್ಕಿತು. ಅಷ್ಟು ವರ್ಷ ಉಗಿಸಿಕೊಂಡವರ ನಗು ಅದು, ಬೇಗ ನಿಲ್ಲುವಂಥದಲ್ಲ. ದೊಡ್ಡಬಸಪ್ಪ ಲೆಕ್ಕದ ಪುಸ್ತಕ ತೆರೆದು ಅದರೊಳಗೆ ಮುಖ ಹುದುಗಿಸಿದ.

ಸಂಜೆ ಶರಣ ಬಳಗದ ಕಾರ್ಯದರ್ಶಿ ಗುಂಡಣ್ಣ ಮನೆಗೆ ಬಂದ. ಅವನದು ಬೆಣ್ಣೆಯಂಥ ಮಾತು. "ಶರಣು, ಬಸಪ್ಪನವರೇ. ನಾವೆಲ್ಲ ನಿಮ್ಮನ್ನು ನಂಬ್ತೀವಿ, ಅದೇನು ಮಾತು. ಆದರೆ ಜನ ಹಂಗಲ್ಲ ನೋಡಿ. ಮುಂದಿನ ಜಯಂತಿಗೆ ದುಶ್ಚಟದ ಭಾಷಣ ಬೇರೆ ಯಾರಾದ್ರೂ ಮಾಡಲಿ. ನೀವು ಸ್ವಲ್ಪ ರೆಸ್ಟ್ ತಗೊಳಿ."

"ನಂಬ್ತೀನಿ ಅಂತೀಯ, ಮತ್ತೆ ಮಾತಾಡಬೇಡ ಅಂತೀಯ. ನಂಬ್ತೀಯೋ ಇಲ್ವೋ ಒಂದು ಹೇಳಯ್ಯ."

"ನಂಬ್ತೀನಿ, ನಂಬ್ತೀನಿ" ಎಂದ ಗುಂಡಣ್ಣ, ಮೀಸೆಯನ್ನೇ ನೋಡುತ್ತ. ನೊರೆ ಈಗಲೂ ಅಲ್ಲೇ ಇದೆಯೋ ಎಂಬಂತೆ.

ಭಾಷಣ ಹೋದದ್ದಕ್ಕೆ ದೊಡ್ಡಬಸಪ್ಪನಿಗೆ ಅಷ್ಟು ಸಂಕಟವಾಗಲಿಲ್ಲ. ಈ ಇಡೀ ಚೆನ್ನೈನಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಕಣ್ಣಿಗೆ ಕಣ್ಣು ಕೊಟ್ಟು ನೀನು ಕುಡಿದಿಲ್ಲ ಎಂದಿದ್ದರೆ ಸಾಕಿತ್ತು. ಹೆಂಡತಿ ಅಂಗಿಯನ್ನು ಬೇರೆ ಬಕೆಟ್ಟಿಗೆ ಹಾಕಿದಳು. ಮಗಳು, "ಇಟ್ಸ್ ಓಕೆ ಅಪ್ಪಾ, ಎಲ್ಲರೂ ಕುಡೀತಾರೆ" ಎಂದು ಸಮಾಧಾನ ಮಾಡಿದಳು. ಅದಂತೂ ಗಾಯಕ್ಕೆ ಖಾರದ ಪುಡಿ. ಅನು ಫೋನ್ ಮಾಡಿ, "ಅಂಕಲ್, ನೆಕ್ಸ್ಟ್ ಇಯರ್‌ಗೂ ನೀವೇ" ಎಂದಳು. ಅವಳಿಗೆ ಅವನು ಬೈದ ಬೈಗುಳ ಅಚ್ಚ ಹಾಸನದ್ದು, ಮೈಸೂರಿನ ಹುಡುಗಿಗೆ ಅರ್ಧ ತಿಳಿಯಲಿಲ್ಲ.

ಊರಿನಿಂದ ಫೋನು, ದಾವಣಗೆರೆಯಿಂದ ಫೋನು, ಎಂದೂ ಮಾಡದ ದೂರದ ನೆಂಟರ ಫೋನು. ಮಾಡದವನು ಒಬ್ಬನೇ, ನಾಗರಾಜ. ಅದು ಬರಬರುತ್ತ ದೊಡ್ಡಬಸಪ್ಪನನ್ನು ಕೊರೆಯತೊಡಗಿತು. ಪೋರೂರಿನ ತನ್ನ ಅಂಗಡಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿರುತ್ತಾನೆ ಬಡ್ಡೀಮಗ. ನಗಲಿ. ಆದರೆ ನನ್ನ ಬೆನ್ನ ಹಿಂದೆ ಯಾಕೆ ನಗಬೇಕು, ಎದುರಿಗೇ ನಗಲಿ, ಎರಡು ಬಿಟ್ಟು ಬರುತ್ತೇನೆ. ಹೀಗೆಂದುಕೊಂಡು ಭಾನುವಾರ ಮಧ್ಯಾಹ್ನ ಆಟೋ ಹತ್ತಿದ. ಕ್ಷಮೆ ಗಿಮೆ ಕೇಳಲು ಹೋದ ಎಂದು ನೀವು ತಿಳಿದರೆ ದೊಡ್ಡಬಸಪ್ಪನನ್ನು ನೀವು ಅರಿತಿಲ್ಲ. ಹೋದದ್ದು ಜಗಳಕ್ಕೇ.

ನಾಗರಾಜನದು ಪೋರೂರು ಬಸ್ ಸ್ಟಾಪಿನ ಹತ್ತಿರ ಚಿಪ್ಸ್ ಅಂಗಡಿ. ಬಾಗಿಲಲ್ಲೇ ದೊಡ್ಡ ಬಾಣಲೆ, ಅದರ ಮುಂದೆ ಬನಿಯನ್ನಿನಲ್ಲಿ ನಾಗರಾಜ, ಒಳಗೆ ತಕ್ಕಡಿಯ ಹತ್ತಿರ ಅವನ ಹೆಂಡತಿ ಕೋಮಲಾ. ಕೋಯಂಬೇಡಿಗೇ ಬಂದು, ಅಣ್ಣನ ಮಂಡಿ ದಾಟಿ ಹೋಗಿ, ಬೇರೆಯವರ ಹತ್ತಿರ ಗಡ್ಡೆ ಕೊಳ್ಳುತ್ತಿದ್ದ. ಅಣ್ಣನಿಗೆ ಅದು ಗೊತ್ತಿತ್ತು. ಆಟೋದಿಂದ ಇಳಿಯುತ್ತಿರುವ ಹೊಟ್ಟೆಯನ್ನು ನೋಡಿ ನಾಗರಾಜನ ಜಾಲರಿ ಒಂದು ಗಳಿಗೆ ಎಣ್ಣೆಯ ಮೇಲೆ ನಿಂತಿತು.

"ಬಾ ಅಣ್ಣ. ಕೂತ್ಕೋ" ಎಂದು ಕಾಲಿನಿಂದಲೇ ಸ್ಟೂಲು ತಳ್ಳಿದ.

ದೊಡ್ಡಬಸಪ್ಪ ಕೂರಲಿಲ್ಲ. ಹಲಗೆಯ ಮೇಲೆ ಹೆಚ್ಚಿದ್ದ ಗಡ್ಡೆಯ ಬಿಲ್ಲೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದ. "ಇದು ಆಗ್ರಾದ ಕೋಲ್ಡ್ ಸ್ಟೋರೇಜ್ ಗಡ್ಡೆ. ಸಿಹಿ ಆಗಿರುತ್ತೆ, ಚಿಪ್ಸ್ ಕಪ್ಪಗಾಗುತ್ತೆ. ಯಾವನು ಕೊಟ್ಟ ನಿನಗೆ?"

"ಕಪ್ಪಗಾಗುತ್ತೆ, ಹೌದು" ಎಂದ ನಾಗರಾಜ.

ದೊಡ್ಡಬಸಪ್ಪ ಬಿಲ್ಲೆಯನ್ನು ಹಲಗೆಗೆ ಎಸೆದ. ಎಣ್ಣೆ ಚುಂಯ್‌ಗುಟ್ಟುತ್ತಿತ್ತು.

"ನೋಡಿದ್ಯೇನೋ ಅದನ್ನ?"

"ನೋಡ್ದೆ."

"ನಕ್ಯಾ?"

"ಆ ಚಡ್ಡಿ ಹಾಕ್ಕೊಂಡೋರ ತಲೆಗೆ ನೀನು ಚಿಮುಕಿಸ್ತಾ ಇದ್ಯಲ್ಲ, ಅದಕ್ಕೆ ನಕ್ಕೆ ಅಣ್ಣ. ಸುಳ್ಳು ಯಾಕೆ ಹೇಳಲಿ."

"ನಗು, ನಗು. ಎಲ್ಲರೂ ನಗ್ತಾವ್ರೆ. ನಾನು ಕುಡೀಲಿಲ್ಲ ಕಣೋ. ಹಿಡ್ಕೊಂಡಿದ್ದೆ ಅಷ್ಟೆ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಯಾರದ್ದು ಎಂದು ದೊಡ್ಡಬಸಪ್ಪನಿಗೆ ಗೊತ್ತಾಯಿತು. ಅಂದು ಹೋಟೆಲಿನ ಬಾಗಿಲಲ್ಲಿ ನಾಗರಾಜ ಹೇಳಿದ್ದೂ ಇದನ್ನೇ. ಇನ್ನು ಉತ್ತರವೂ ಬರುತ್ತದೆ, ತಾನೇ ಬರೆದುಕೊಟ್ಟ ಉತ್ತರ, ಬೇರೆಯವರು ಹೇಳಿದಂತೆ ಇವನೂ ಹೇಳುತ್ತಾನೆ. ಹೇಳುವ ಹಕ್ಕು ಇಡೀ ಲೋಕದಲ್ಲಿ ಯಾರಿಗಾದರೂ ಇದ್ದರೆ ಇವನಿಗೇ. ದೊಡ್ಡಬಸಪ್ಪ ಏಟಿಗೆ ಕಾಯುವವನ ಹಾಗೆ ಹಲ್ಲು ಕಚ್ಚಿಕೊಂಡು ನಿಂತ.

"ಗೊತ್ತಣ್ಣ" ಎಂದ ನಾಗರಾಜ. ಬಾಣಲೆಯಿಂದ ಕಣ್ಣು ಕೂಡ ಎತ್ತಲಿಲ್ಲ.

"ಹೆಂಗ್ ಗೊತ್ತು?"

"ನೀನು ಹೇಳ್ತಿದ್ದೀಯಲ್ಲ."

ಇಷ್ಟೇ. ಇಡೀ ಚೆನ್ನೈನಲ್ಲಿ ಸಿಗದೆ ಹೋದದ್ದು, ಚಿಪ್ಸ್ ಮಗುಚುತ್ತ ಮಗುಚುತ್ತ, ಕೊಸರು ಹಾಕಿದಷ್ಟು ಸುಲಭವಾಗಿ ಇವನು ಕೊಟ್ಟುಬಿಟ್ಟ. ದೊಡ್ಡಬಸಪ್ಪನಿಗೆ ರೇಗಿಹೋಯಿತು. "ನಾನು ಹೇಳಿದ್ರೆ ನಂಬಿಬಿಡೋದೇನೋ? ಕೇಳೋದಿಲ್ವಾ? ಅಂಗಿ ಎಲ್ಲ ನೆಂದಿತ್ತು, ಮೀಸೆ ತುಂಬ ನೊರೆ ಇತ್ತು, ಊರೆಲ್ಲ ನೋಡಿದೆ..."

"ಇದ್ರೆ ಇರ್ಲಿ. ನಮ್ಮಣ್ಣ ಅಲ್ವಾ ನೀನು."

ದೊಡ್ಡಬಸಪ್ಪ ಈಗ ಸ್ಟೂಲಿನ ಮೇಲೆ ಕೂತ. ಸ್ಟೂಲು ಕಿರ್ರೆಂದಿತು. ಹೊರಗೆ ಬಸ್ಸೊಂದು ಬಂದು ನಿಂತು, ಜನ ಇಳಿದು, ಹೋಯಿತು.

"ನೀನು... ಅವತ್ತು, ಆ ಲಾರಿಯವನ ಊಟದ ದಿನ..."

"ಕುಡಿದಿರಲಿಲ್ಲ." ನಾಗರಾಜ ಚಿಪ್ಸನ್ನು ಎಣ್ಣೆಯಿಂದ ಎತ್ತಿ ಜಾಲರಿ ಕುಟ್ಟಿದ. "ಅವತ್ತು ಕುಡಿದಿರಲಿಲ್ಲ ಅಣ್ಣ. ನೀನು ಹೊರಗೆ ಹಾಕಿದ ಮಾರನೇ ದಿನ ಕುಡ್ದೆ. ಹೆಂಗೂ ಹೆಸರು ಬಂದಿತ್ತಲ್ಲ, ಯಾಕೆ ದಂಡ ಮಾಡ್ಬೇಕು ಅಂತ. ಎರಡು ವರ್ಷ ಚೆನ್ನಾಗೇ ಕುಡ್ದೆ. ರೋಡಲ್ಲೆಲ್ಲ ಬಿದ್ದಿದ್ದೆ. ಇವಳು ಬಂದು ಬಿಡಿಸಿದ್ಲು." ಅಣ್ಣನ ಕಡೆ ಮೊದಲ ಸಲ ತಿರುಗಿದ. ಮುಖದಲ್ಲಿ ನಗುವಿತ್ತು, ಕುಹಕವಿರಲಿಲ್ಲ. "ಈಗ ನಿನಗೂ ಹೆಸರು ಬಂದಿದೆ. ನೀನು ಮಾತ್ರ ಶುರು ಮಾಡ್ಬೇಡ ಅಣ್ಣ."

ಜರ್ಮನಿಯವರನ್ನು ಬೈಯಬಹುದಿತ್ತು, ಬ್ರೆಜಿಲಿನವರನ್ನು ಬೈಯಬಹುದಿತ್ತು. ದೊಡ್ಡಬಸಪ್ಪನಿಗೆ ಯಾರ ಹೆಸರೂ ನೆನಪಾಗಲಿಲ್ಲ.

ಕೋಮಲಾ ಒಳಗಿನಿಂದ ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟಳು. ಆಗಷ್ಟೇ ಕಡೆದದ್ದು, ಮೇಲೆ ನೊರೆ ನಿಂತಿತ್ತು. ಅವಳು ತನ್ನ ಭಾವನ ಮುಖವನ್ನು ಇಷ್ಟು ಹತ್ತಿರದಿಂದ ನೋಡುತ್ತಿದ್ದದ್ದು ಇದೇ ಮೊದಲು. ದೊಡ್ಡಬಸಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ. ಎಷ್ಟು ಹೊತ್ತಾದರೂ ಎತ್ತಲಿಲ್ಲ.

"ಸುಮ್ನೆ ಹಿಡ್ಕೊಂಡು ಕೂತಿದ್ದೀರಲ್ಲ ಭಾವ" ಎಂದಳು ಕೋಮಲಾ. "ಕೈಲಿ ಹಿಡಿದೋರು ಬಾಯಿಗೆ ಹಾಕ್ದೆ ಇರ್ತಾರಾ?"

ಚುಚ್ಚಲು ಹೇಳಿದಳೋ, ಉಪಚಾರಕ್ಕೆ ಹೇಳಿದಳೋ, ಕೇಳುವ ಧೈರ್ಯ ಅವನಿಗಿರಲಿಲ್ಲ. ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದ. ಮೀಸೆಯ ಎರಡೂ ಕಡೆ ಬಿಳಿ ನೊರೆ ಮೆತ್ತಿಕೊಂಡಿತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ.